ಕಂಪನಿಯ ಲೆಕ್ಕ ಗ್ರಂಥಾಲಯಕ್ಕೆ ಬಂದ ದಾರಿ

ಅರ್ಥಶಾಸ್ತ್ರ ಓದುವ ಮಗನೋ ಮಗಳೋ ಇರುವ ಮನೆಯಲ್ಲಿ ವರ್ಷಕ್ಕೊಮ್ಮೆಯಾದರೂ ಈ ಮಾತು ಬರುತ್ತದೆ: ಒಂದು ಕಂಪನಿಯನ್ನು ಆರಿಸಿಕೊಂಡು ಪ್ರಾಜೆಕ್ಟ್ ಬರೆಯಬೇಕು. ಐದು ವರ್ಷದ ಮಾರಾಟ, ಲಾಭ, ಸಾಲ, ಎದುರಾಳಿಗಳು ಯಾರು, ಮಾರುಕಟ್ಟೆಯಲ್ಲಿ ಪಾಲು ಎಷ್ಟು. ಕಾಲೇಜಿನ ಗ್ರಂಥಾಲಯಕ್ಕೆ ಹೋದರೆ ಗ್ರಂಥಪಾಲಕರು ಕಪಾಟಿನ ಕಡೆಗಲ್ಲ, ಮೂಲೆಯ ಕಂಪ್ಯೂಟರಿನ ಕಡೆಗೆ ಕೈ ತೋರಿಸುತ್ತಾರೆ. ಪ್ರೊವೆಸ್ ನೋಡು ಎನ್ನುತ್ತಾರೆ, ಕ್ಯಾಪಿಟಲೈನ್ ನೋಡು ಎನ್ನುತ್ತಾರೆ. ಕಂಪನಿಯ ಹೆಸರು ಕೊಟ್ಟರೆ ಸಾಕು, ವರ್ಷವರ್ಷದ ಅಂಕಿಗಳು ಸಾಲಾಗಿ ಬಂದು ನಿಲ್ಲುತ್ತವೆ. ಹತ್ತು ನಿಮಿಷದಲ್ಲಿ ಕೋಷ್ಟಕ ಸಿದ್ಧ.

ಇಷ್ಟು ಸಲೀಸಾಗಿ ಸಿಗುವುದರಿಂದಲೇ ಒಂದು ಮೂಲ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಕಂಪನಿ ತನ್ನ ಲೆಕ್ಕವನ್ನು ನಮಗೇಕೆ ಹೇಳಬೇಕು? ಬೀದಿ ಕೊನೆಯ ಕಿರಾಣಿ ಅಂಗಡಿಯವರು ತಮ್ಮ ಲಾಭ ಎಷ್ಟೆಂದು ಹೇಳುವುದಿಲ್ಲ. ನಾವೂ ನಮ್ಮ ಬ್ಯಾಂಕಿನ ಪಾಸ್‌ಬುಕ್ಕನ್ನು ಪಕ್ಕದ ಮನೆಯವರಿಗೆ ಕೊಡುವುದಿಲ್ಲ. ಹಾಗಿರುವಾಗ ಸಾವಿರಾರು ಕೋಟಿ ವಹಿವಾಟಿನ ಕಂಪನಿಯೊಂದರ ಸಾಲ, ಲಾಭ, ನಿರ್ದೇಶಕರ ಸಂಬಳ ಎಲ್ಲವೂ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯ ಮುಂದೆ ಬಂದು ಕೂರುವುದು ಹೇಗೆ? ಈ ಹಕ್ಕು ತಾನಾಗಿ ಹುಟ್ಟಿದ್ದಲ್ಲ. ಅದರ ಹಿಂದೆ ಸುಮಾರು 180 ವರ್ಷಗಳ ಕತೆಯಿದೆ. ಆ ಕತೆ ಗೊತ್ತಿದ್ದರೆ ಪರದೆಯ ಮೇಲಿನ ಅಂಕಿಯನ್ನು ಎಷ್ಟು ನಂಬಬೇಕು, ಎಲ್ಲಿ ಅನುಮಾನಿಸಬೇಕು ಎಂಬುದೂ ಗೊತ್ತಾಗುತ್ತದೆ.

ಒಂದು ಕೊಡು-ಕೊಳ್ಳುವಿಕೆ

1840ರ ದಶಕದ ಲಂಡನ್. ಉಗಿಬಂಡಿ, ವಿಮೆ, ಗಣಿ ಎಂದು ದಿನಕ್ಕೊಂದು ಕಂಪನಿ ಹುಟ್ಟುತ್ತಿದ್ದ ಕಾಲ. ದೊಡ್ಡ ಕಚೇರಿ, ಸಮವಸ್ತ್ರದ ಕಾವಲುಗಾರ, ಗಣ್ಯರ ಹೆಸರಿನ ಪಟ್ಟಿ ತೋರಿಸಿ ಜನರ ಹಣ ಕಟ್ಟಿಸಿಕೊಂಡು ಮಾಯವಾಗುವ ವಿಮಾ ಕಂಪನಿಗಳೂ ಇದ್ದವು. ಚಾರ್ಲ್ಸ್ ಡಿಕನ್ಸ್ ಆಗ ಬರೆಯುತ್ತಿದ್ದ 'ಮಾರ್ಟಿನ್ ಚಜಲ್‌ವಿಟ್' ಕಾದಂಬರಿಯಲ್ಲಿ ಇಂಥದೇ ಒಂದು ನಕಲಿ ಕಂಪನಿ ಬರುತ್ತದೆ. ಅದರ ಹೆಸರಿನಲ್ಲಿ ಬಂಗಾಳವೂ ಸೇರಿಕೊಂಡಿದೆ. ದೂರದ ಊರಿನ ಹೆಸರು ಸೇರಿಸಿದರೆ ಹೂಡಿಕೆದಾರರಿಗೆ ನಂಬಿಕೆ ಬರುತ್ತದೆ ಎಂಬುದು ಆಗಲೂ ಗೊತ್ತಿದ್ದ ಉಪಾಯ.

ಈ ಮೋಸಗಳನ್ನು ವಿಚಾರಿಸಿದ ಪಾರ್ಲಿಮೆಂಟಿನ ಸಮಿತಿಯ ಮುಂದಾಳಾಗಿದ್ದವರು, ಮುಂದೆ ಪ್ರಧಾನಿಯಾದ ವಿಲಿಯಂ ಗ್ಲ್ಯಾಡ್‌ಸ್ಟನ್. ಅದರ ಫಲವಾಗಿ ಬಂದದ್ದು 1844ರ ಜಾಯಿಂಟ್ ಸ್ಟಾಕ್ ಕಂಪನಿಗಳ ಕಾಯಿದೆ. ಯಾರು ಬೇಕಾದರೂ ಕಂಪನಿ ಕಟ್ಟಬಹುದು, ಆದರೆ ರಿಜಿಸ್ಟ್ರಾರ್ ಎಂಬ ಅಧಿಕಾರಿಯ ಬಳಿ ಹೆಸರು ಬರೆಸಬೇಕು, ನಿರ್ದೇಶಕರ ವಿವರ ಕೊಡಬೇಕು, ಬ್ಯಾಲೆನ್ಸ್ ಶೀಟ್ ಸಲ್ಲಿಸಬೇಕು. ಆ ಕಡತಗಳನ್ನು ಯಾರು ಬೇಕಾದರೂ ಬಂದು ನೋಡಬಹುದು. ಇಂದಿನ ಎಲ್ಲ ಕಂಪನಿ ಡೇಟಾಬೇಸುಗಳ ಮೂಲ ಬೇರು ಆ ಕಡತದ ಕೋಣೆಯಲ್ಲಿದೆ.

1855ರಲ್ಲಿ ಸೀಮಿತ ಹೊಣೆಯ ಕಾಯಿದೆ ಬಂತು. ಅದುವರೆಗೆ ಕಂಪನಿ ಮುಳುಗಿದರೆ ಷೇರುದಾರರ ಮನೆ, ಜಮೀನು, ಪಾತ್ರೆ-ಪಡಗ ಎಲ್ಲವೂ ಸಾಲಗಾರರ ಪಾಲಾಗಬಹುದಿತ್ತು. ಇನ್ನು ಮುಂದೆ ಹಾಕಿದ ಹಣವಷ್ಟೇ ಹೋಗುತ್ತದೆ, ಮನೆ ಉಳಿಯುತ್ತದೆ. ಇದು ಸಮಾಜ ಕಂಪನಿಗೆ ಕೊಟ್ಟ ದೊಡ್ಡ ರಿಯಾಯಿತಿ. ಕಂಪನಿಗೆ ಸಾಲ ಕೊಟ್ಟವನು, ಮಾಲು ಕೊಟ್ಟವನು, ಕೂಲಿ ಬಾಕಿ ಇರುವವನು ನಷ್ಟದ ಒಂದು ಭಾಗವನ್ನು ಹೊರಬೇಕಾಗುತ್ತದೆ. ಹಾಗಾದರೆ ಅವನಿಗೆ ಕಂಪನಿಯ ಸ್ಥಿತಿ ತಿಳಿಯುವ ಹಕ್ಕಾದರೂ ಇರಬೇಕಲ್ಲ? ಹೊಣೆಗೆ ಮಿತಿ ಬೇಕಿದ್ದರೆ ಲೆಕ್ಕ ತೋರಿಸು ಎಂಬ ಕೊಡು-ಕೊಳ್ಳುವಿಕೆಯ ತರ್ಕ ಇದು.

ಆದರೆ ಚರಿತ್ರೆ ತರ್ಕದ ಹಾದಿಯಲ್ಲೇ ನಡೆಯುವುದಿಲ್ಲ. ಮರುವರ್ಷವೇ, 1856ರ ಕಾಯಿದೆಯಲ್ಲಿ, ಲೆಕ್ಕ ಸಲ್ಲಿಸಲೇಬೇಕೆಂಬ ಕಟ್ಟಳೆಯನ್ನು ಕೈಬಿಡಲಾಯಿತು. ಅದು ವ್ಯಾಪಾರಸ್ಥರ ಖಾಸಗಿ ವಿಷಯ ಎಂಬ ವಾದ ಗೆದ್ದಿತು. ರಿಯಾಯಿತಿ ಉಳಿಯಿತು, ಅದರ ಬೆಲೆ ಮಾಫಿಯಾಯಿತು. ಸಾಮಾನ್ಯ ಕಂಪನಿಗಳಿಗೆ ಲೆಕ್ಕಪರಿಶೋಧನೆ ಕಡ್ಡಾಯವಾಗಲು 1900 ಬರಬೇಕಾಯಿತು. ಸಾರ್ವಜನಿಕ ಕಂಪನಿಗಳು ಬ್ಯಾಲೆನ್ಸ್ ಶೀಟ್ ಸಲ್ಲಿಸಲೇಬೇಕೆಂಬ ನಿಯಮ ಮತ್ತೆ ಬಂದದ್ದು 1907ರಲ್ಲಿ. ನಡುವಿನ ಅರ್ಧ ಶತಮಾನದ ಬ್ರಿಟಿಷ್ ಕಂಪನಿಗಳ ಬಗ್ಗೆ ಇಂದು ಸಂಶೋಧನೆ ಮಾಡುವವರಿಗೆ ಅಂಕಿಗಳ ಬರ ಏಕೆಂದರೆ, ಅವನ್ನು ಕೇಳುವ ಕಾನೂನೇ ಆಗ ಇರಲಿಲ್ಲ.

ಸರ್ಕಾರ ಕೇಳದಿದ್ದಾಗ ಕೇಳಿದವರು

ಅಮೆರಿಕದಲ್ಲಿ ದಾರಿ ಬೇರೆಯಾಯಿತು. 1837ರ ಆರ್ಥಿಕ ಕುಸಿತದಲ್ಲಿ ಉದ್ದರಿ ಕೊಟ್ಟು ಕೈಸುಟ್ಟುಕೊಂಡ ನ್ಯೂಯಾರ್ಕಿನ ರೇಷ್ಮೆ ವ್ಯಾಪಾರಿ ಲೂಯಿಸ್ ಟಪ್ಪನ್ 1841ರಲ್ಲಿ ಮರ್ಕಂಟೈಲ್ ಏಜೆನ್ಸಿ ತೆರೆದ. ಊರೂರಿನ ವಕೀಲರು ಪತ್ರ ಬರೆದು ತಿಳಿಸಬೇಕು: ಈ ವ್ಯಾಪಾರಿ ಎಂಥವನು, ಆಸ್ತಿ ಎಷ್ಟು, ಕುಡಿಯುತ್ತಾನೆಯೇ, ಸಾಲ ತೀರಿಸುತ್ತಾನೆಯೇ? ಗುಮಾಸ್ತರು ಅದನ್ನು ದೊಡ್ಡ ಪುಸ್ತಕಗಳಲ್ಲಿ ನಕಲು ಮಾಡಿಟ್ಟುಕೊಳ್ಳುತ್ತಿದ್ದರು. ಚಂದಾ ಕಟ್ಟಿದವರು ಕಚೇರಿಗೆ ಬಂದರೆ ಓದಿ ಹೇಳುತ್ತಿದ್ದರು. ಇದೇ ಮುಂದೆ ಡನ್ ಆಂಡ್ ಬ್ರಾಡ್‌ಸ್ಟ್ರೀಟ್ ಆಯಿತು. ಆ ಕೈಬರಹದ ಪುಸ್ತಕಗಳು, 2,500ಕ್ಕೂ ಹೆಚ್ಚು ಸಂಪುಟ, ಹಾರ್ವರ್ಡ್‌ನ ಬೇಕರ್ ಗ್ರಂಥಾಲಯದಲ್ಲಿವೆ. ಚಂದಾ ಕಟ್ಟಿ ಕಂಪನಿಯ ಮಾಹಿತಿ ಪಡೆಯುವ ವ್ಯವಸ್ಥೆಗೆ ಕಂಪ್ಯೂಟರಿಗಿಂತ ನೂರು ವರ್ಷ ಹೆಚ್ಚು ವಯಸ್ಸಾಗಿದೆ.

ಎರಡನೆಯ ಹೆಸರು ಹೆನ್ರಿ ವಾರ್ನಮ್ ಪೂರ್. ರೈಲುಮಾರ್ಗಗಳ ಪತ್ರಿಕೆಯೊಂದರ ಸಂಪಾದಕ. ಅಮೆರಿಕದ ರೈಲುಗಳಿಗೆ ಬಂಡವಾಳ ಬರುತ್ತಿದ್ದದ್ದು ಬಹುಪಾಲು ಯುರೋಪಿನಿಂದ. ಲಂಡನ್ನಿನಲ್ಲಿ ಕೂತು ಬಾಂಡ್ ಕೊಂಡವನಿಗೆ ಆ ಹಳಿ ಹಾಕಿದ್ದಾರೋ ಇಲ್ಲವೋ ಎಂಬುದೂ ಗೊತ್ತಾಗುತ್ತಿರಲಿಲ್ಲ. ಪೂರ್ ಒಂದೊಂದೇ ರೈಲು ಕಂಪನಿಗೆ ಪತ್ರ ಬರೆದು ಹಳಿಯ ಉದ್ದ, ಖರ್ಚು, ಸಾಲ, ಆದಾಯ ಕೇಳಿದ; 1860ರಲ್ಲಿ ಪುಸ್ತಕ ಮಾಡಿದ. 1868ರಿಂದ ಮಗನೊಂದಿಗೆ ಸೇರಿ ವರ್ಷಕ್ಕೊಂದು ಕೈಪಿಡಿ ಹೊರತಂದ. ಇಂದು ದೇಶಗಳ ಸಾಲಯೋಗ್ಯತೆಯನ್ನೇ ಅಳೆಯುವ ಸ್ಟ್ಯಾಂಡರ್ಡ್ ಆಂಡ್ ಪೂರ್ಸ್ ಸಂಸ್ಥೆಯ ಹೆಸರಿನಲ್ಲಿರುವ ಪೂರ್ ಈತನೇ. 1900ರಲ್ಲಿ ಜಾನ್ ಮೂಡಿ ಕೈಗಾರಿಕಾ ಕಂಪನಿಗಳಿಗೂ ಇಂಥದೇ ಕೈಪಿಡಿ ತಂದ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಪೂರ್‌ನ ಕೈಪಿಡಿಯಲ್ಲಿದ್ದದ್ದು ಕಂಪನಿಗಳು ತಾವಾಗಿ ಕೊಟ್ಟ ಅಂಕಿ. ಕೊಡದವರನ್ನು ಒತ್ತಾಯಿಸುವ ಅಧಿಕಾರ ಅವನಿಗಿರಲಿಲ್ಲ. ಆ ಅಧಿಕಾರ ಹುಟ್ಟಿದ್ದು 1929ರ ಷೇರುಪೇಟೆ ಕುಸಿತದ ನಂತರ, 1933 ಮತ್ತು 1934ರ ಕಾಯಿದೆಗಳಿಂದ. ಲಂಡನ್ನಿರಲಿ, ನ್ಯೂಯಾರ್ಕಿರಲಿ, ಲೆಕ್ಕ ತೋರಿಸುವ ಕಾನೂನು ಪ್ರತಿ ಸಲವೂ ಜನ ಹಣ ಕಳೆದುಕೊಂಡ ಮೇಲೆ ಬಂದಿದೆ.

ರಾಜಾಬಾಯಿ ಗೋಪುರದ ಕೆಳಗೆ

ಮುಂಬಯಿಯ ಓದುಗರು ಫೋರ್ಟ್ ಭಾಗದಲ್ಲಿ ರಾಜಾಬಾಯಿ ಗಡಿಯಾರ ಗೋಪುರವನ್ನು ನೋಡಿಯೇ ಇರುತ್ತೀರಿ. ಅದರ ಬುಡದಲ್ಲಿರುವುದು ವಿಶ್ವವಿದ್ಯಾಲಯದ ಗ್ರಂಥಾಲಯ. ಎರಡಕ್ಕೂ ಹಣ ಕೊಟ್ಟವರು ಪ್ರೇಮಚಂದ್ ರಾಯಚಂದ್. ಗೋಪುರಕ್ಕೆ ಅವರ ತಾಯಿಯ ಹೆಸರು. ಆ ಹಣ ಬಂದದ್ದು ನಮ್ಮ ದೇಶದ ಮೊದಲ ದೊಡ್ಡ ಷೇರು ಹುಚ್ಚಿನ ಕಾಲದಲ್ಲಿ.

ಭಾರತದಲ್ಲಿ ಕಂಪನಿ ನೋಂದಣಿಯ ಕಾಯಿದೆ 1850ರಲ್ಲೇ ಬಂದಿತ್ತು. ಸೀಮಿತ ಹೊಣೆ 1857ರಲ್ಲಿ, ಬ್ರಿಟನ್ನಿನ ಮಾದರಿಯಲ್ಲಿ. ಅಷ್ಟರಲ್ಲಿ 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಲ್ಯಾಂಕಶೈರಿಗೆ ಹೋಗುವುದು ನಿಂತಿತು. ಪಶ್ಚಿಮ ಭಾರತದ ಹತ್ತಿಗೆ ಚಿನ್ನದ ಬೆಲೆ. ಧಾರವಾಡದ ಹತ್ತಿಯೂ ಆಗ ಇದೇ ಮುಂಬಯಿ ಪೇಟೆಗೆ ಬರುತ್ತಿತ್ತು. ಬಂದ ಹಣ ಕಂಪನಿ ಷೇರುಗಳ ಮೇಲೆ ಸುರಿಯಿತು. ಸಮುದ್ರ ತುಂಬಿಸಿ ನೆಲ ಮಾಡುತ್ತೇವೆಂದ ಬ್ಯಾಕ್ ಬೇ ಕಂಪನಿಯ ಷೇರಿಗಂತೂ ನೂಕುನುಗ್ಗಲು. ಷೇರನ್ನೇ ಅಡವಿಟ್ಟುಕೊಂಡು ಬ್ಯಾಂಕುಗಳು ಸಾಲ ಕೊಟ್ಟವು, ಆ ಸಾಲದಿಂದ ಇನ್ನಷ್ಟು ಷೇರು.

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಜುಲೈ 1, ವಾಯಿದೆ ವ್ಯವಹಾರಗಳನ್ನು ಚುಕ್ತಾ ಮಾಡಬೇಕಾದ ದಿನ. ಕೊಡಲು ಯಾರ ಕೈಯಲ್ಲೂ ಹಣವಿರಲಿಲ್ಲ. ಅರೆಸರ್ಕಾರಿ ಸಂಸ್ಥೆಯಂತಿದ್ದ ಬ್ಯಾಂಕ್ ಆಫ್ ಬಾಂಬೆ ಕೂಡ ಮುಳುಗಿ 1868ರಲ್ಲಿ ಮುಚ್ಚಿತು. ಏಕೆ ಮುಳುಗಿತೆಂದು ವಿಚಾರಿಸಲು ಸರ್ ಚಾರ್ಲ್ಸ್ ಜಾಕ್ಸನ್ ಅವರ ಆಯೋಗ ನೇಮಕವಾಯಿತು. ಇಂದು ಆ ಬ್ಯಾಂಕಿನ ವ್ಯವಹಾರದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನ ಪಾಲು ಬಂದಿರುವುದು ಇಂಥ ವಿಚಾರಣೆಯಿಂದ. ದಿನ್ಶಾ ವಾಚಾ ಅವರು 1910ರಲ್ಲಿ ಆ ದಿನಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದರು.

ಸಂಶೋಧನೆಗೆ ಕೂರುವವರಿಗೆ ಇದರಲ್ಲೊಂದು ಕಿವಿಮಾತಿದೆ. ಕಂಪನಿ ಚೆನ್ನಾಗಿದ್ದಾಗ ತನ್ನ ಬಗ್ಗೆ ತಾನೇ ಬರೆಯುವುದು ಒಂದು ದಾಖಲೆ. ಕೆಟ್ಟಾಗ ಬೇರೆಯವರು ಪ್ರಶ್ನೆ ಕೇಳಿ ಬರೆಸುವುದು ಇನ್ನೊಂದು. ಎರಡನೆಯದರಲ್ಲಿ ಸತ್ಯದ ಪಾಲು ಹೆಚ್ಚು. ಆದರೆ ಡೇಟಾಬೇಸಿನ ಕೋಷ್ಟಕದಲ್ಲಿ ಸೇರುವುದು ಮೊದಲನೆಯದು ಮಾತ್ರ. ವಿಚಾರಣಾ ಆಯೋಗದ ವರದಿ, ನ್ಯಾಯಾಲಯದ ತೀರ್ಪು, ಸಂಸದೀಯ ಸಮಿತಿಯ ಟಿಪ್ಪಣಿ ಇವೆಲ್ಲ ಗ್ರಂಥಾಲಯದ ಬೇರೆ ಕಪಾಟಿನಲ್ಲಿರುತ್ತವೆ. ಎದ್ದು ಹೋಗಿ ತೆಗೆಯಬೇಕು.

ಕೋಲಾರದ ಚಿನ್ನ, ಲಂಡನ್ನಿನ ಕಡತ

ಕಂಪನಿ ಎಲ್ಲಿ ದುಡಿಯುತ್ತದೆಯೋ ಅದರ ಕಾಗದ ಅಲ್ಲೇ ಇರಬೇಕೆಂದಿಲ್ಲ. ಇದಕ್ಕೆ ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1870ರ ದಶಕದಲ್ಲಿ ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಚಿನ್ನ ಹುಡುಕುವ ಅನುಮತಿ ಪಡೆದ. 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ನೋಂದಣಿಯಾಯಿತು. ಹೆಸರು ಮೈಸೂರಿನದು, ಊರು ಲಂಡನ್. ಅದೇ ಹೊತ್ತಿಗೆ ವಯನಾಡಿನಲ್ಲಿ ಚಿನ್ನವಿದೆಯೆಂಬ ಗುಲ್ಲಿಗೆ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿ, ಷೇರು ಮಾರಿ, ಚಿನ್ನ ಸಿಗದೆ ಮುಚ್ಚಿಕೊಂಡವು. ಕೋಲಾರದ ಕಂಪನಿಯೂ ಮುಚ್ಚುವ ಹಂತಕ್ಕೆ ಬಂದಿತ್ತು. ಉಳಿದಿದ್ದ ಹಣದಲ್ಲಿ ಕೊನೆಯ ಪ್ರಯತ್ನವೆಂದು ಜಾನ್ ಟೇಲರ್ ಆಂಡ್ ಸನ್ಸ್ ಆಳಕ್ಕಿಳಿದಾಗ ಚಾಂಪಿಯನ್ ಪದರ ಸಿಕ್ಕಿತು. ಮುಂದಿನ ನೂರಿಪ್ಪತ್ತು ವರ್ಷಗಳಲ್ಲಿ ಆ ನೆಲದಿಂದ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂತು. 2001ರಲ್ಲಿ ಗಣಿ ಮುಚ್ಚಿತು.

ಈಗ ಒಬ್ಬ ವಿದ್ಯಾರ್ಥಿ ಕೋಲಾರದ ಗಣಿ ಕಂಪನಿಗಳ ಬಗ್ಗೆ ಬರೆಯಬೇಕೆಂದುಕೊಳ್ಳಲಿ. ಭಾರತದ ಡೇಟಾಬೇಸಿನಲ್ಲಿ ಹುಡುಕಿದರೆ ಆ ಕಾಲದ್ದು ಏನೂ ಸಿಗದು. ಲಂಡನ್ನಿನಲ್ಲಿ ನೋಂದಣಿಯಾಗಿ ಮುಚ್ಚಿದ ಕಂಪನಿಗಳ ಕಡತಗಳಿರುವುದು ಅಲ್ಲಿನ ಕ್ಯೂ ಊರಿನ ರಾಷ್ಟ್ರೀಯ ಪತ್ರಾಗಾರದಲ್ಲಿ, ಬಿ.ಟಿ. 31 ಎಂಬ ಸರಣಿಯಲ್ಲಿ. 1875ರಿಂದ ಬಂದ ಲಂಡನ್ ಷೇರುಪೇಟೆಯ ವಾರ್ಷಿಕ ಪುಸ್ತಕಗಳಲ್ಲಿ ಇಂಥ ಕಂಪನಿಗಳ ಬಂಡವಾಳ, ನಿರ್ದೇಶಕರು, ಲಾಭಾಂಶದ ವಿವರವಿರುತ್ತದೆ. ಹಳೆಯ ಸಂಪುಟಗಳಲ್ಲಿ ಕೆಲವು ಸ್ಕ್ಯಾನ್ ಆಗಿ ಅಂತರಜಾಲದಲ್ಲೂ ಇವೆ. ಮೈಸೂರು ಸಂಸ್ಥಾನಕ್ಕೆ ಬಂದ ರಾಜಧನದ ಲೆಕ್ಕವನ್ನು ಸಂಸ್ಥಾನದ ಆಡಳಿತ ವರದಿಗಳಲ್ಲಿ ಹುಡುಕಬೇಕು. ಒಂದೇ ಗಣಿಗೆ ಎರಡು ದೇಶದ ಕಪಾಟು.

ಎರಡನ್ನೂ ನೋಡಿದ ಮೇಲೂ ಒಂದು ಕಾಣದೇ ಉಳಿಯುತ್ತದೆ. ಷೇರುದಾರರಿಗೆ ಬರೆದ ವರದಿಯಲ್ಲಿ ಎಷ್ಟು ಟನ್ ಕಲ್ಲು ಅರೆದರು, ಎಷ್ಟು ಔನ್ಸ್ ಚಿನ್ನ ಬಂತು, ಎಷ್ಟು ಲಾಭಾಂಶ ಎಂಬುದಿರುತ್ತದೆ. ಆ ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಹಿಡಿಸಿಕೊಂಡ ಕಾರ್ಮಿಕನ ಶ್ವಾಸಕೋಶ ಯಾವ ಬ್ಯಾಲೆನ್ಸ್ ಶೀಟಿನ ಯಾವ ಬದಿಗೂ ಬರುವುದಿಲ್ಲ. ಅರ್ಥಶಾಸ್ತ್ರದ ಪಾಠದಲ್ಲಿ ಇದನ್ನು ಬಾಹ್ಯ ಪರಿಣಾಮ ಎಂದು ಎರಡು ಪದದಲ್ಲಿ ಹೇಳಿ ಮುಗಿಸುತ್ತೇವೆ. ಪ್ರಾಜೆಕ್ಟಿನಲ್ಲಿ ಅದಕ್ಕೊಂದು ಪುಟವಾದರೂ ಬೇಕು. ಅದಕ್ಕೆ ವೈದ್ಯಕೀಯ ನಿಯತಕಾಲಿಕೆ, ಕಾರ್ಮಿಕ ಇಲಾಖೆಯ ವರದಿ ಬೇಕು.

ಕಂಪನಿಯಲ್ಲ, ಮನೆತನ

ಸ್ವಾತಂತ್ರ್ಯದ ನಂತರ ನಮ್ಮ ದೇಶದಲ್ಲಿ ಕಂಪನಿಗಳ ದಾಖಲೆಯನ್ನು ಅರ್ಥಶಾಸ್ತ್ರಜ್ಞರು ಬಳಸಿದ ರೀತಿಯಲ್ಲಿ ಒಂದು ಅಧ್ಯಯನ ಬೇರೆಯಾಗಿ ನಿಲ್ಲುತ್ತದೆ. ಮುಂಬಯಿಯ ಆರ್. ಕೆ. ಹಜಾರಿ 1966ರಲ್ಲಿ ಪ್ರಕಟಿಸಿದ ಖಾಸಗಿ ಕಾರ್ಪೊರೇಟ್ ವಲಯದ ರಚನೆಯ ಕುರಿತ ಗ್ರಂಥ ಅದು. ಮುಂದೆ ರಿಸರ್ವ್ ಬ್ಯಾಂಕಿನ ಉಪ ಗವರ್ನರ್ ಆದವರು ಅವರು.

ಅವರ ಪ್ರಶ್ನೆ ಸರಳವಾಗಿತ್ತು. ಯೋಜನೆಗಳ ಕಾಲದಲ್ಲಿ ಉದ್ಯಮ ಬೆಳೆದಿದೆ. ಆದರೆ ಅದರ ಒಡೆತನ ಎಷ್ಟು ಜನರ ಕೈಯಲ್ಲಿದೆ? ಉತ್ತರ ಸರಳವಾಗಿರಲಿಲ್ಲ. ಕಾಗದದ ಮೇಲೆ ಒಂದೊಂದು ಕಂಪನಿಯೂ ಬೇರೆ ಬೇರೆ. ಆದರೆ 'ಅ' ಕಂಪನಿಯ ಷೇರು 'ಬ' ಕಂಪನಿಯ ಕೈಯಲ್ಲಿ, 'ಬ'ದ ಷೇರು 'ಕ'ದ ಕೈಯಲ್ಲಿ, 'ಕ'ದ್ದು ಮತ್ತೆ 'ಅ'ದ ಕೈಯಲ್ಲಿ. ಎಲ್ಲದರ ನಿರ್ದೇಶಕರೂ ಒಂದೇ ಮನೆಯವರು ಇಲ್ಲವೇ ಅವರ ನೆಂಟರು. ಅದರ ಮೇಲೆ ಮ್ಯಾನೇಜಿಂಗ್ ಏಜೆನ್ಸಿ ಎಂಬ ಪದ್ಧತಿ: ಷೇರು ಸ್ವಲ್ಪವೇ ಇದ್ದರೂ ಒಪ್ಪಂದದ ಬಲದಿಂದ ಒಂದು ಸಂಸ್ಥೆ ಹತ್ತಾರು ಕಂಪನಿಗಳನ್ನು ನಡೆಸಬಹುದಿತ್ತು. ಮುಂಬಯಿಯ ಹಳೆಯ ಹತ್ತಿ ಗಿರಣಿಗಳಲ್ಲಿ ಏಜೆಂಟರಿಗೆ ನೂಲಿನ ಪೌಂಡಿಗೆ ಕಾಲು ಆಣೆಯಂತೆ ದಲ್ಲಾಳಿ ಸಿಗುತ್ತಿತ್ತು, ಗಿರಣಿಗೆ ಲಾಭ ಬರಲಿ ಬಿಡಲಿ. ಆ ಪದ್ಧತಿ ಪೂರಾ ರದ್ದಾದದ್ದು 1970ರಲ್ಲಿ.

ಹಜಾರಿ 1951 ಮತ್ತು 1958, ಈ ಎರಡು ವರ್ಷಗಳನ್ನು ಹಿಡಿದುಕೊಂಡು ಈ ಎಳೆಗಳನ್ನು ಬಿಡಿಸಿದರು. ಒಂದು ಮನೆತನದ ಪೂರ್ತಿ ಹಿಡಿತದಲ್ಲಿರುವವು ಒಳವಲಯದ ಕಂಪನಿಗಳು, ಇತರರ ಜೊತೆ ಹಂಚಿಕೊಂಡವು ಹೊರವಲಯದವು ಎಂದು ವಿಂಗಡಿಸಿದರು. ಆಗ ಬೇರೆಯೇ ಚಿತ್ರ ಕಂಡಿತು. ಅದೇ ಹೊತ್ತಿಗೆ ಸರ್ಕಾರದ ಏಕಸ್ವಾಮ್ಯ ವಿಚಾರಣಾ ಆಯೋಗವೂ 1965ರ ತನ್ನ ವರದಿಯಲ್ಲಿ 75 ಉದ್ಯಮ ಸಮೂಹಗಳನ್ನು ಗುರುತಿಸಿತು. ಸರ್ಕಾರಿಯಲ್ಲದ, ಬ್ಯಾಂಕಲ್ಲದ ಕಂಪನಿಗಳ ಆಸ್ತಿಯಲ್ಲಿ ಶೇಕಡಾ 47ರಷ್ಟು ಅವುಗಳ ಕೈಯಲ್ಲಿತ್ತು. 1969ರ ಎಂ.ಆರ್.ಟಿ.ಪಿ. ಕಾಯಿದೆಗೆ ನೆಲ ಹದವಾದದ್ದು ಇಂಥ ಅಧ್ಯಯನಗಳಿಂದ. ಆ ಕಾಯಿದೆ ಒಳ್ಳೆಯದು ಮಾಡಿತೋ ಕೆಟ್ಟದ್ದು ಮಾಡಿತೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ದೇಶವೊಂದು ತನ್ನ ಆರ್ಥಿಕ ನೀತಿಯ ಬಗ್ಗೆ ಅಷ್ಟು ದೊಡ್ಡ ವಾದ ನಡೆಸಿದ್ದು ಯಾರೋ ಕೂತು ಕಂಪನಿಗಳ ಕಾಗದ ಓದಿದ್ದರಿಂದ.

ಇಂದಿನ ವಿದ್ಯಾರ್ಥಿಗೆ ಇದರಿಂದ ಸಿಗುವ ಪಾಠ ತೀರಾ ಪ್ರಾಯೋಗಿಕ. ಡೇಟಾಬೇಸಿನಲ್ಲಿ ಒಂದೇ ಹೆಸರಿನ ಕಂಪನಿಗೆ ಎರಡು ಲೆಕ್ಕಗಳಿರುತ್ತವೆ: ಕಂಪನಿಯೊಂದರದೇ ಲೆಕ್ಕ, ಮತ್ತು ಅದರ ಮಕ್ಕಳು-ಮರಿ ಕಂಪನಿಗಳನ್ನೆಲ್ಲ ಸೇರಿಸಿದ ಕ್ರೋಡೀಕೃತ ಲೆಕ್ಕ. ಎರಡರ ಲಾಭವೂ ಬೇರೆ, ಸಾಲವೂ ಬೇರೆ. ಷೇರುಪೇಟೆಯ ಕಂಪನಿಗಳಿಗೆ ಕ್ರೋಡೀಕೃತ ಲೆಕ್ಕ ಕಡ್ಡಾಯವಾದದ್ದೇ 2001-02ರಿಂದ. ಯಾವುದನ್ನು ತೆಗೆದುಕೊಂಡೆ ಎಂದು ಬರೆಯದ ಕೋಷ್ಟಕಕ್ಕೆ ಅರ್ಥವಿಲ್ಲ.

ಕಾಗದದಿಂದ ಪರದೆಗೆ

1976ರಲ್ಲಿ ನರೋತ್ತಮ ಶಾ ಮುಂಬಯಿಯಲ್ಲಿ ಭಾರತೀಯ ಆರ್ಥಿಕತೆಯ ನಿಗಾ ಕೇಂದ್ರವನ್ನು ಕಟ್ಟಿದರು. ಸಿ.ಎಂ.ಐ.ಇ. ಎಂಬ ಹೆಸರಿನಲ್ಲಿ ನಿರುದ್ಯೋಗದ ಅಂಕಿಗಳಿಗಾಗಿ ನಾವು ಇಂದು ಪತ್ರಿಕೆಗಳಲ್ಲಿ ಕೇಳುವುದು ಇದನ್ನೇ. ಕಂಪನಿಗಳ ವಾರ್ಷಿಕ ವರದಿಗಳನ್ನು ತರಿಸಿ, ಒಂದೊಂದು ಅಂಕಿಯನ್ನೂ ಒಂದೇ ಮಾದರಿಯ ಚೌಕಟ್ಟಿಗೆ ಹೊಂದಿಸಿ ಕಟ್ಟಿದ್ದು ಪ್ರೊವೆಸ್. ಅದರ ಸಾಲು 1988-89ರ ಸುಮಾರಿನಿಂದ ಶುರುವಾಗುತ್ತದೆ. ಪೂರ್ ಪತ್ರ ಬರೆದು ಮಾಡಿದ ಕೆಲಸವನ್ನೇ ಇವರು ಕಂಪ್ಯೂಟರಿನಲ್ಲಿ ಮಾಡಿದರು.

ಅಮೆರಿಕದಲ್ಲಿ ಅದೇ ವರ್ಷಗಳಲ್ಲಿ ಒಂದು ಕುತೂಹಲದ ಘಟನೆ ನಡೆಯಿತು. ಷೇರುಪೇಟೆಯ ನಿಯಂತ್ರಣ ಸಂಸ್ಥೆ ಕಂಪನಿಗಳ ಕಾಗದವನ್ನು ಎಡ್ಗರ್ ಎಂಬ ವ್ಯವಸ್ಥೆಯಲ್ಲಿ ವಿದ್ಯುನ್ಮಾನವಾಗಿ ಪಡೆಯತೊಡಗಿತ್ತು. ಆದರೆ ಜನರು ನೋಡಬೇಕೆಂದರೆ ಖಾಸಗಿ ಮಾರಾಟಗಾರರಿಗೆ ದುಬಾರಿ ಹಣ ತೆರಬೇಕಿತ್ತು. ಕಾರ್ಲ್ ಮಲಮುಡ್ ಎಂಬಾತ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಜೊತೆ ಸೇರಿ 1993ರಿಂದ ಆ ಕಡತಗಳನ್ನು ಅಂತರಜಾಲದಲ್ಲಿ ಪುಕ್ಕಟೆಯಾಗಿ ಹಾಕಿದ. ಎರಡು ವರ್ಷದ ನಂತರ ನಿಲ್ಲಿಸುತ್ತೇನೆ, ಸರ್ಕಾರವೇ ಮಾಡಲಿ ಎಂದ. ಅಷ್ಟರಲ್ಲಿ ರೂಢಿಯಾಗಿದ್ದ ಜನ ಬಿಡಲಿಲ್ಲ. 1995ರಲ್ಲಿ ಸಂಸ್ಥೆಯೇ ಆ ಕೆಲಸ ವಹಿಸಿಕೊಂಡಿತು. ಇಂದು ಮಂಗಳೂರಿನಲ್ಲಿ ಕೂತ ವಿದ್ಯಾರ್ಥಿಯೂ ಅಮೆರಿಕದ ಯಾವುದೇ ದೊಡ್ಡ ಕಂಪನಿಯ ಪೂರ್ತಿ ವರದಿಯನ್ನು ಕಾಸಿಲ್ಲದೆ ಓದಬಹುದು.

ನಮ್ಮಲ್ಲಿ 2006ರಲ್ಲಿ ಎಂ.ಸಿ.ಎ. 21 ಬಂತು. ರಿಜಿಸ್ಟ್ರಾರರ ಕಚೇರಿಗೆ ಹೋಗಿ ಗುಮಾಸ್ತರನ್ನು ಕೇಳಿ ಕಡತ ತೆಗೆಸುತ್ತಿದ್ದ ಕಾಲ ಮುಗಿಯಿತು. 1956ರ ಕಾಯಿದೆಯ 610ನೇ ವಿಧಿಯೂ, 2013ರ ಕಾಯಿದೆಯ 399ನೇ ವಿಧಿಯೂ ಹೇಳುವುದು ಒಂದನ್ನೇ: ಶುಲ್ಕ ಕಟ್ಟಿ ಯಾರು ಬೇಕಾದರೂ ಕಂಪನಿಯ ದಾಖಲೆ ನೋಡಬಹುದು. ಹೂಡಿಕೆದಾರನಾಗಿರಬೇಕಿಲ್ಲ, ಕಾರಣ ಹೇಳಬೇಕಿಲ್ಲ. ಹಕ್ಕು ಎಲ್ಲರದು, ಆದರೆ ಎಲ್ಲ ಕಂಪನಿಗಳನ್ನೂ ಜೋಡಿಸಿ ಹೋಲಿಸುವ ಅನುಕೂಲ ಮಾತ್ರ ಚಂದಾ ಕಟ್ಟಬಲ್ಲ ಸಂಸ್ಥೆಗಳಿಗೆ. ದೊಡ್ಡ ಊರಿನ ದೊಡ್ಡ ಕಾಲೇಜಿನ ವಿದ್ಯಾರ್ಥಿಗೂ ಜಿಲ್ಲಾ ಕೇಂದ್ರದ ವಿದ್ಯಾರ್ಥಿಗೂ ಇಂದು ಇರುವ ಅಂತರ ಇದು. ಟಪ್ಪನ್‌ನ ಕಚೇರಿಯ ಬಾಗಿಲಲ್ಲಿ ಚಂದಾದಾರನಿಗೂ ಹೊರಗಿನವನಿಗೂ ಇದ್ದ ಅಂತರವೂ ಇದೇ.

ಹೈದರಾಬಾದಿನಿಂದ ಬಂದ ಪತ್ರ

2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ನಿರ್ದೇಶಕ ಮಂಡಳಿಗೆ ಒಂದು ಪತ್ರ ಬರೆದರು. ಬ್ಯಾಂಕಿನಲ್ಲಿದೆ ಎಂದು ತೋರಿಸಿದ್ದ 5,361 ಕೋಟಿ ರೂಪಾಯಿಯಲ್ಲಿ 5,040 ಕೋಟಿ ಇಲ್ಲವೇ ಇಲ್ಲ. ವರ್ಷಗಳಿಂದ ಲಾಭವನ್ನು ಉಬ್ಬಿಸಿ ಬರೆದದ್ದು. ಹೆಸರಾಂತ ಸಂಸ್ಥೆಯ ಆಡಿಟರ್ ಸಹಿ ಇತ್ತು. ಹಿಂದಿನ ವರ್ಷವಷ್ಟೇ ಉತ್ತಮ ಆಡಳಿತಕ್ಕೆ ಪ್ರಶಸ್ತಿಯೂ ಬಂದಿತ್ತು.

ಅದಕ್ಕೂ ಮುಂಚೆ ಸತ್ಯಂ ಬಗ್ಗೆ ಪ್ರಾಜೆಕ್ಟ್ ಬರೆದ ವಿದ್ಯಾರ್ಥಿಗಳು ಎಷ್ಟಿದ್ದರೋ, ಅವರೆಲ್ಲರ ಕೋಷ್ಟಕವೂ ಡೇಟಾಬೇಸಿಗೆ ತಾಳೆಯಾಗುತ್ತಿತ್ತು. ಡೇಟಾಬೇಸ್ ವಾರ್ಷಿಕ ವರದಿಗೆ ತಾಳೆಯಾಗುತ್ತಿತ್ತು. ವಾರ್ಷಿಕ ವರದಿ ಮಾತ್ರ ಬ್ಯಾಂಕಿನ ಖಾತೆಗೆ ತಾಳೆಯಾಗುತ್ತಿರಲಿಲ್ಲ. ಕೋಷ್ಟಕದ ಅಚ್ಚುಕಟ್ಟುತನ ಸತ್ಯಕ್ಕೆ ಸಾಕ್ಷಿಯಲ್ಲ. ಆದರೂ ಕಾಗದದಲ್ಲೇ ಸುಳಿವುಗಳಿರುತ್ತವೆ. ಅಷ್ಟೊಂದು ನಗದು ಇಟ್ಟುಕೊಂಡ ಕಂಪನಿಗೆ ಅದಕ್ಕೆ ತಕ್ಕ ಬಡ್ಡಿ ಬರುತ್ತಿದೆಯೇ? ಲಾಭ ಏರುತ್ತಿದ್ದರೂ ವ್ಯವಹಾರದಿಂದ ಕೈಗೆ ಬರುವ ಹಣ ಏಕೆ ಏರುತ್ತಿಲ್ಲ? ಇಂಥ ಪ್ರಶ್ನೆ ಕೇಳಲು ಒಂದೇ ಸಾಲಲ್ಲ, ನಾಲ್ಕು ಸಾಲುಗಳನ್ನು ಒಟ್ಟಿಗೆ ಓದಬೇಕು.

ಪರದೆಯ ಮುಂದೆ ಕೂತಾಗ

ಈ ಚರಿತ್ರೆಯಿಂದ ನೇರವಾಗಿ ಹುಟ್ಟುವ ಕೆಲವು ಎಚ್ಚರಗಳನ್ನು ಇಲ್ಲಿ ಹೇಳಬಹುದು. ನಿಮ್ಮ ಮನೆಯ ವಿದ್ಯಾರ್ಥಿಗೆ ದಾಟಿಸಿ.

ಮೊದಲನೆಯದು, ಹೆಸರನ್ನು ನಂಬಬೇಡಿ, ಗುರುತು ಸಂಖ್ಯೆ ಹಿಡಿಯಿರಿ. ಭಾರತದ ಪ್ರತಿ ಕಂಪನಿಗೂ 21 ಅಕ್ಷರ-ಅಂಕಿಗಳ ಸಿ.ಐ.ಎನ್. ಇರುತ್ತದೆ. ಅದೇ ಒಂದು ಪುಟ್ಟ ಚರಿತ್ರೆ: ಷೇರುಪೇಟೆಯಲ್ಲಿದೆಯೇ ಇಲ್ಲವೇ ಎಂಬುದಕ್ಕೆ ಒಂದು ಅಕ್ಷರ, ಉದ್ಯಮಕ್ಕೆ ಐದು ಅಂಕಿ, ರಾಜ್ಯಕ್ಕೆ ಎರಡು ಅಕ್ಷರ, ಹುಟ್ಟಿದ ವರ್ಷಕ್ಕೆ ನಾಲ್ಕು ಅಂಕಿ, ಸಾರ್ವಜನಿಕವೋ ಖಾಸಗಿಯೋ ಎಂಬುದಕ್ಕೆ ಮೂರು ಅಕ್ಷರ, ಕೊನೆಗೆ ಆರು ಅಂಕಿಯ ನೋಂದಣಿ ಸಂಖ್ಯೆ. ಕಂಪನಿ ರಾಜ್ಯ ಬದಲಿಸಿದರೆ ಅದೂ ಬದಲಾಗುತ್ತದೆ ಎಂಬುದು ನೆನಪಿರಲಿ.

ಎರಡನೆಯದು, ವರ್ಷವೆಂದರೆ ಹನ್ನೆರಡು ತಿಂಗಳು ಎಂದುಕೊಳ್ಳಬೇಡಿ. ಹಿಂದೆ ಕೆಲವರದು ದೀಪಾವಳಿಯಿಂದ ದೀಪಾವಳಿ, ಕೆಲವರದು ಜನವರಿಯಿಂದ ಡಿಸೆಂಬರ್. 1980ರ ದಶಕದ ಕೊನೆಗೆ ಆದಾಯ ತೆರಿಗೆಗೆ ಏಪ್ರಿಲ್-ಮಾರ್ಚ್ ವರ್ಷ ಕಡ್ಡಾಯವಾದಾಗ ಅನೇಕ ಕಂಪನಿಗಳು 15 ಅಥವಾ 18 ತಿಂಗಳ ಲೆಕ್ಕ ಬರೆದವು. ಡೇಟಾಬೇಸಿನ ಸಾಲು ಶುರುವಾಗುವ ಹೊತ್ತೂ ಅದೇ. ಆ ವರ್ಷ ಮಾರಾಟ ಜಿಗಿದದ್ದು ಬೆಳವಣಿಗೆಯಲ್ಲ, ಕ್ಯಾಲೆಂಡರ್. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದಾಗಲೂ ಹೀಗೇ ಆಯಿತು: ಅಬಕಾರಿ ಸುಂಕ ಸೇರಿಸಿ ತೋರಿಸುತ್ತಿದ್ದ ಮಾರಾಟದಿಂದ ತೆರಿಗೆ ಹೊರಹೋಗಿ, ಮಾಲು ಕಡಿಮೆಯಾಗದಿದ್ದರೂ ಅಂಕಿ ಕಡಿಮೆಯಾಯಿತು.

ಮೂರನೆಯದು, ಒಂದು ಅಂಕಿಯನ್ನಾದರೂ ಮೂಲಕ್ಕೆ ಹೋಗಿ ತಾಳೆ ನೋಡಿ. ಡೇಟಾಬೇಸಿನ ಸಾಲಿನಲ್ಲಿರುವ ಲಾಭವನ್ನು ವಾರ್ಷಿಕ ವರದಿಯ ಪುಟದಲ್ಲಿ ಹುಡುಕಿ. ಸಿಗುವಾಗ ಅದರ ಕೆಳಗೆ ಸಣ್ಣಕ್ಷರದ ಟಿಪ್ಪಣಿಗಳೂ ಸಿಗುತ್ತವೆ. ನಡೆಯುತ್ತಿರುವ ವ್ಯಾಜ್ಯ, ನೆಂಟ ಕಂಪನಿಗಳೊಂದಿಗಿನ ವ್ಯವಹಾರ, ಆಡಿಟರರ ತಕರಾರು ಎಲ್ಲ ಅಲ್ಲಿರುತ್ತವೆ.

ನಾಲ್ಕನೆಯದು, ಊರಿನ ಗ್ರಂಥಾಲಯವನ್ನು ಮರೆಯಬೇಡಿ. ಪುಣೆಯ ಗೋಖಲೆ ಸಂಸ್ಥೆಯಲ್ಲಿ ಧನಂಜಯರಾವ್ ಗಾಡ್ಗೀಳ್ ಗ್ರಂಥಾಲಯವಿದೆ. ರಿಸರ್ವ್ ಬ್ಯಾಂಕಿನ ಹಳೆಯ ಕಡತಗಳ ಭಂಡಾರವೂ ಪುಣೆಯಲ್ಲೇ ಇದೆ. ಚೆನ್ನೈಯಲ್ಲಿ 1896ರ ಕನ್ನೆಮರಾ. ದಿಲ್ಲಿಯಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ರತನ್ ಟಾಟಾ ಗ್ರಂಥಾಲಯ. ಆ ಶಾಲೆಯನ್ನು ಕಟ್ಟಿದ ವಿ. ಕೆ. ಆರ್. ವಿ. ರಾವ್ ಅವರೇ 1972ರಲ್ಲಿ ಬೆಂಗಳೂರಿನ ಐಸೆಕ್ ಸಂಸ್ಥೆಯನ್ನೂ ಕಟ್ಟಿದರು. ದಕ್ಷಿಣ ಕನ್ನಡದಲ್ಲಿ 1906ರಲ್ಲೇ ಎರಡು ಬ್ಯಾಂಕು, 1925ರಲ್ಲಿ ಒಂದು, 1931ರಲ್ಲಿ ಇನ್ನೊಂದು ಹುಟ್ಟಿ ನಾಲ್ಕೂ ದೇಶಮಟ್ಟಕ್ಕೆ ಬೆಳೆದದ್ದು ಹೇಗೆ ಎಂಬುದು ಒಳ್ಳೆಯ ಪ್ರಾಜೆಕ್ಟಿನ ವಸ್ತು. ಅದಕ್ಕೆ ಬೇಕಾದ ಹಳೆಯ ಅಂಕಿಗಳು ಪರದೆಯಲ್ಲಿ ಸಿಗುವುದಕ್ಕಿಂತ ಇಂಥ ಕಡೆಯ ಬ್ಯಾಂಕಿಂಗ್ ಅಂಕಿಅಂಶ ಸಂಪುಟಗಳಲ್ಲಿ ಸಿಗುವ ಸಂಭವವೇ ಹೆಚ್ಚು.

ಕೊನೆಯದು, ಬದುಕಿರುವ ಕಂಪನಿಗಳನ್ನಷ್ಟೇ ಓದಬೇಡಿ. 2017ರಲ್ಲಿ ಸರ್ಕಾರ ಎರಡು ಲಕ್ಷಕ್ಕೂ ಹೆಚ್ಚು ನಿಷ್ಕ್ರಿಯ ಕಂಪನಿಗಳ ಹೆಸರನ್ನು ನೋಂದಣಿಯಿಂದ ಹೊಡೆದುಹಾಕಿತು. ವಯನಾಡಿನ ಚಿನ್ನದ ಕಂಪನಿಗಳು ಲಂಡನ್ನಿನ ಪಟ್ಟಿಯಿಂದ ಹೀಗೇ ಅಳಿದುಹೋಗಿದ್ದವು. ಇಂದು ಉಳಿದವರ ಪಟ್ಟಿ ಹಿಡಿದು ಉದ್ಯಮವೊಂದರ ಲಾಭ ಅಳೆದರೆ, ಮ್ಯಾರಥಾನಿನಲ್ಲಿ ಗುರಿ ಮುಟ್ಟಿದವರನ್ನು ಮಾತ್ರ ಕೇಳಿ ಓಟ ಎಷ್ಟು ಕಷ್ಟವಾಗಿತ್ತೆಂದು ಬರೆದ ಹಾಗಾಗುತ್ತದೆ. ಪ್ರಾಜೆಕ್ಟಿಗೆ ಆರಿಸಿಕೊಂಡ ಕಂಪನಿಯ ಪಕ್ಕದಲ್ಲಿ, ಅದೇ ಉದ್ಯಮದಲ್ಲಿ ಅದೇ ದಶಕದಲ್ಲಿ ಹುಟ್ಟಿ ಮುಚ್ಚಿಹೋದ ಇನ್ನೊಂದನ್ನು ಹುಡುಕಿ ಇಟ್ಟುಕೊಳ್ಳಲಿ. ಒಂದು ಏಕೆ ಉಳಿಯಿತು, ಇನ್ನೊಂದು ಏಕೆ ಹೋಯಿತು ಎಂದು ಎರಡೂ ಕಡತಗಳನ್ನು ಎದುರುಬದುರು ಇಟ್ಟು ಓದುವುದರಲ್ಲೇ ಅರ್ಥಶಾಸ್ತ್ರ ಶುರುವಾಗುತ್ತದೆ.